ಗುಮರ್ಸಿಂದಜ್ಜಿಯ ಉದ್ದನೆಯ ಪಟ್ಟಿ

ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಎತ್ತರದ ಬೆಟ್ಟದ ಮೇಲಿರುವ ನಮ್ಮೂರು ಕೊಲ್ಪಾನಿಯ ಚಳಿಯಲ್ಲಿ ಉಳಿಸಿಕೊಳ್ಳುವುದು ಸುಲಭವಲ್ಲ. ತಾಯಿಯ ಬರಿ ಎದೆಗೆ ಕೂಸಿನ ಬರಿ ಮೈ ತಾಗಿಸಿ, ಮೇಲೆ ಕಂಬಳಿ ಹೊದ್ದು ಬೆಚ್ಚಗಿಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು. ಮನೆಗೆ ಬಂದ ಮೇಲೆ ಯಾರೂ ಮಾಡುತ್ತಿರಲಿಲ್ಲ.

ಯಾಕೆ ಮಾಡುವುದಿಲ್ಲ ಎಂದು ಮನೆಮನೆಗೆ ಹೋಗಿ ತಿಳಿಯಬೇಕು, ಮನೆಯವರ ಜೊತೆಗೇ ಕೂತು ದಾರಿ ಹುಡುಕಬೇಕು, ಅದು ನಡೆಯುತ್ತದೋ ಇಲ್ಲವೋ ಪರೀಕ್ಷಿಸಬೇಕು, ಈ ಸಂಶೋಧನೆಗೆ ಪುರಸಭೆಯ ಹಣದಲ್ಲಿ ಒಂದು ಪಾಲು ಕೊಡಿ ಎಂದು ನರ್ಸ್ ಸೆನೋವಿಯಾ ಊರ ಸಭೆಯಲ್ಲಿ ಕೇಳಿದಳು. ಕೂಸುಗಳನ್ನು ಸುತ್ತಿ ಬಿಗಿಯುವ ಬಟ್ಟೆಪಟ್ಟಿ ನೇಯುವ ಗುಮರ್ಸಿಂದಜ್ಜಿ ಸುಮ್ಮನಿರುವವಳೇ ಅಲ್ಲ.

"ಮನೆಮನೆ ಸುತ್ತಿ ಮಾತಾಡ್ಸೋಕೂ ಸಂಬಳನಾ? ಹಂಗಾದ್ರೆ ನಮಗೂ ಕೊಡಿ. ನಾವು ದಿನಾ ಪುಕ್ಕಟೆ ಮಾಡ್ತಿದ್ದೀವಿ."

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆದರೂ ಕೈ ಎತ್ತಿದವರು ಸ್ವಲ್ಪ ಹೆಚ್ಚಿದ್ದರು, ಎರಡು ವರ್ಷದ ಹಣ ಸಿಕ್ಕಿತು. ಅಜ್ಜಿ ಮುಖ ಊದಿಸಿಕೊಂಡು ಮನೆಗೆ ಹೋದಳು.

ಅದೇ ಚಳಿಗಾಲದಲ್ಲಿ ಅಜ್ಜಿಯ ಸೊಸೆ ಎಲ್ವಿರಾಗೆ ದಿನ ತುಂಬದೆ ಹೆರಿಗೆಯಾಯಿತು. ಹೆಣ್ಣುಕೂಸು, ಅಂಗೈಯಗಲ. ಆಸ್ಪತ್ರೆಯಿಂದ ಮನೆಗೆ ಬಂದದ್ದೇ ತಡ, ಅಜ್ಜಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ತಾನೇ ನೇಯ್ದ ಪಟ್ಟಿ ಬಿಗಿದು ಬೇರೆ ಮಲಗಿಸಿದಳು. ಕೂಸಿನ ಕಾಲು ತಣ್ಣಗಾಗತೊಡಗಿತು. ಮೊಲೆ ಚೀಪುವುದನ್ನೂ ಬಿಟ್ಟಿತು.

ಸೆನೋವಿಯಾ ಬಂದಾಗ ಪಕ್ಕದ ಮನೆಯವಳಾದ ನಾನೂ ಅಲ್ಲೇ ಇದ್ದೆ. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವಳು ಬೈಯಲಿಲ್ಲ. ಕೂಸನ್ನು ಮೊದಲು ಎಲ್ವಿರಾಳ ಎದೆಗೆ ಹಾಕಿ ಕಂಬಳಿ ಹೊದಿಸಿದಳು, ಆಮೇಲೆ ಅಜ್ಜಿಯ ಪಕ್ಕ ಕೂತಳು.

"ಅಜ್ಜಿ, ನಿಮಗೆ ಭಯ ಯಾವುದರದ್ದು? ಇದ್ದದ್ದು ಇದ್ದ ಹಾಗೆ ಹೇಳಿ."

ಅಜ್ಜಿ ಕೂಸಿನ ಕಡೆ ಕೈ ತೋರಿಸಿದಳು.

"ಗಾಳಿ ನುಗ್ಗುತ್ತೆ, ಮಗಳೇ. ಪಟ್ಟಿ ಬಿಗೀದೆ ಇದ್ರೆ ಕೈಕಾಲು ಗಟ್ಟಿಯಾಗಲ್ಲ. ಆಸ್ಪತ್ರೇಲಿ ಇದನ್ನ ಅಂದ್ರೆ ಬೈತಾರೆ. ಅದಕ್ಕೆ ತಲೆ ಆಡಿಸಿ ಬಂದ್ಬಿಡ್ತೀವಿ."

"ಎಲ್ಲಾ ಮನೇಲೂ ಇದೇ ಮಾತು ಅಜ್ಜಿ. ಹಾಗಾದ್ರೆ ಕೂಸು ಎದೆ ಮೇಲೇ ಇರ್ಬೇಕು, ಗಾಳೀನೂ ನುಗ್ಗಬಾರದು. ಹೇಗೆ ಕಟ್ಟೋಣ? ಪಟ್ಟಿ ವಿಷಯ ನಿಮಗಲ್ಲದೆ ಇನ್ಯಾರಿಗೆ ಗೊತ್ತು?"

ಅಜ್ಜಿ ಪಟ್ಟಿ ತಂದಳು. ಇಬ್ಬರನ್ನೂ ಸೇರಿಸಿ ಸುತ್ತಲು ಸಾಲಲಿಲ್ಲ. ಎರಡು ಪಟ್ಟಿ ಜೋಡಿಸಿ ತಾಯಿ ಮಗುವನ್ನು ಒಟ್ಟಿಗೇ ಸುತ್ತಿದಳು. ಕೂಸಿನ ಮುಖ ಒಂದು ಪಕ್ಕಕ್ಕಿರಲಿ, ಮೂಗು ಬಾಯಿ ಮುಚ್ಚದಿರಲಿ, ಕಟ್ಟು ಉಸಿರು ಹಿಡಿಯದಿರಲಿ ಎಂದು ಸೆನೋವಿಯಾ ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿಗೆ ಕೂಸಿನ ಕಾಲು ಬೆಚ್ಚಗಾಯಿತು, ತಾನೇ ಮೊಲೆ ಹುಡುಕಿತು. ಎಲ್ವಿರಾ ಅತ್ತುಬಿಟ್ಟಳು, ನನಗೂ ಅಳು ಬಂತು. ಆಮೇಲಿನ ದಿನಗಳಲ್ಲಿ ಸೊಸೆಗೆ ದಣಿವಾದಾಗ ಅಜ್ಜಿಯೇ ಕೂಸನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದಳು.

ಅಜ್ಜಿ ಉದ್ದನೆಯ ಪಟ್ಟಿಗಳನ್ನು ನೇಯ್ದಳು. ಸೆನೋವಿಯಾ ಅವನ್ನು ಸುತ್ತಲಿನ ಕೆಲವು ಊರುಗಳಲ್ಲಿ ಕೊಟ್ಟು ನೋಡಿದಳು. ಪಟ್ಟಿ ಹೋದ ಮನೆಗಳಲ್ಲಿ ಕೂಸು ಎದೆಯ ಮೇಲೇ ಉಳಿಯಿತು. ಬರೀ ಬುದ್ಧಿಮಾತು ಹೋದ ಮನೆಗಳಲ್ಲಿ ಅದೇ ಹಳೇ ರಾಗ. ಇನ್ನು ಎಲ್ಲ ಊರಿಗೂ ತಲುಪಿಸಬೇಕಿತ್ತು, ಆದರೆ ಹಣ ಮುಗಿಯುತ್ತಾ ಬಂದಿತ್ತು.

ಎರಡು ವರ್ಷದ ಮೇಲೆ ಸೆನೋವಿಯಾ ಊರ ಸಭೆಯಲ್ಲಿ ಮತ್ತೆ ಹಣ ಕೇಳಿದಾಗ, ಆಲೂಗಡ್ಡೆ ಬೆಳೆಯುವ ತಿಯೋದೋಸಿಯೋ ಎದ್ದು, "ಮಾತಾಡ್ಸೋಕೆ ಮತ್ತೆ ಸಂಬಳನಾ?" ಎಂದು ಅಜ್ಜಿಯ ಮಾತನ್ನೇ ಎತ್ತಿ ಅಣಕಿಸಿದ. ಅಜ್ಜಿ ಬೆನ್ನಿಗೆ ಕಟ್ಟಿಕೊಂಡಿದ್ದ ಮೊಮ್ಮಗಳನ್ನು ಬಿಚ್ಚಿ ನೆಲಕ್ಕೆ ಇಳಿಸಿದಳು. ಹುಡುಗಿ ಪುಟುಪುಟು ನಡೆದುಹೋಗಿ ತಿಯೋದೋಸಿಯೋನ ಪ್ಯಾಂಟು ಹಿಡಿದು ನಿಂತಳು.

"ಕಾಲು ಗಟ್ಟಿಯಾಗಲ್ಲ ಅಂದಿದ್ದೆ ನಾನು," ಅಂದಳು ಅಜ್ಜಿ. "ನಮಗೆ ಹೇಳೋಕೆ ಎಷ್ಟೋ ಜನ ಬಂದಿದ್ರು ಕಣಪ್ಪ. ಕೇಳೋಕೆ ಬಂದೋಳು ಈ ಸೆನೋವಿಯಾ ಒಬ್ಬಳೇ. ಕೇಳಿದ್ದಕ್ಕೆ ನನ್ನ ಮೊಮ್ಮಗಳು ನಡೀತಿದ್ದಾಳೆ."

ಮೊದಲು ಕೈ ಎತ್ತಿದವನೇ ತಿಯೋದೋಸಿಯೋ, ಇನ್ನೊಂದು ಕೈಯಲ್ಲಿ ಹುಡುಗಿಯನ್ನು ಎತ್ತಿಕೊಂಡು. ಆಮೇಲೆ ಇಡೀ ಸಭೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದಿನ ತುಂಬದ ಕೂಸು ನಿಮ್ಮ ಮನೆಗೆ ಬಂದರೆ ಆರೋಗ್ಯ ಕಾರ್ಯಕರ್ತೆ ತೋರಿಸಿದ ಹಾಗೆ ಎದೆಗೆ ಅಪ್ಪಿಕೊಳ್ಳಿ. ಯಾಕೆ ಮಾಡುತ್ತಿಲ್ಲ ಎಂದು ಆಕೆ ಕೇಳಿದರೆ ಸುಮ್ಮನೆ ತಲೆ ಆಡಿಸಬೇಡಿ, ನಿಮ್ಮ ಭಯ ಹೇಳಿ. ನಿಮ್ಮೂರ ಸಭೆಯಲ್ಲಿ ಔಷಧಿಗೆ, ಕಟ್ಟಡಕ್ಕೆ ಹಣ ಇಡುವಾಗ, ಒಳ್ಳೆಯದೆಂದು ಗೊತ್ತಿರುವುದು ಮನೆಯೊಳಗೆ ಯಾಕೆ ಬರುತ್ತಿಲ್ಲ ಎಂದು ಹುಡುಕುವ ಕೆಲಸಕ್ಕೂ ಒಂದು ಪಾಲು ಇಡಿಸಿ. ಆ ಪಾಲಿಗಾಗಿ ಎದ್ದು ನಿಂತು ಕೈ ಎತ್ತಿ.