ಮುಟ್ಟಿ ಹೋಗ್ರಿ

“ಏನಂದ್ರ ಡಾಕ್ಟರು? ಹೇಳವಾ, ಯಾಕ ಸುಮ್ಮ ನಿಂತಿ?” ಸಕ್ಕುಬಾಯಿ ಮಗಳ ತೋಳು ಹಿಡಿದು ಅಲುಗಾಡಿಸಿದಳು.

ಸೋನಾಲಿ ಡಾಕ್ಟರು ಹೋದ ದಾರಿಯನ್ನೇ ನೋಡುತ್ತಿದ್ದಳು. ಮಿರಜಿನ ಆ ದವಾಖಾನೆಯ ಡಾಕ್ಟರಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಅಥಣಿಯಲ್ಲಿ ಬಿ.ಎ. ಓದುವ ಹುಡುಗಿ ಎಂದು ಎಲ್ಲರೂ ಅವಳನ್ನೇ ಮುಂದೆ ಮಾಡಿದ್ದರು. ಐಗಳಿಯ ಹೊಲದಲ್ಲಿ ಕುರಿ ಕಾಯುತ್ತಿದ್ದ ಅಪ್ಪ ಮಲಕಾರಿಗೆ ನಿನ್ನೆ ಹಾವು ಕಚ್ಚಿತ್ತು. ಆಗಿನಿಂದ ಅವನು ಕಣ್ಣು ತೆರೆದಿರಲಿಲ್ಲ. ಡಾಕ್ಟರು ಅವಸರದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಹೇಳಿ ಹೋದರು. ಅವಳಿಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ: ಟಚ್ ಅಂಡ್ ಗೋ. ಟಚ್ ಅಂದರೆ ಮುಟ್ಟುವುದು, ಗೋ ಅಂದರೆ ಹೋಗುವುದು. ಸಣ್ಣ ಮಕ್ಕಳಿಗೂ ಗೊತ್ತಿರುವ ಶಬ್ದಗಳು.

“ಅಪ್ಪನ್ನ ಮುಟ್ಟಿ ಹೋಗ್ರಿ ಅಂದ್ರ ಬೇ.”

ಸಕ್ಕುಬಾಯಿ ಅಳಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದಳು. ಗಂಡನ ಬಾತ ಕಾಲಿಗೆ ಹಣೆ ಹಚ್ಚಿ ಹೊರಬಂದು, ಗೋಡೆಗೊರಗಿ ನೆಲದ ಮೇಲೆ ಕುಸಿದಳು. ಸೋನಾಲಿ ಊರಿಗೆ, ಅಪ್ಪನ ತಮ್ಮ ಬೀರದೇವನಿಗೆ ಫೋನು ಹಚ್ಚಿದಳು. “ಕಾಕಾ, ಎಲ್ಲಾರ್ನೂ ಕರ್ಕೊಂಡ ಲಗೂ ಬಾ.”

ವಾರ್ಡಿನಿಂದ ಬಂದ ನರ್ಸ್ ತೃಪ್ತಿ ತಾಯಿಮಗಳನ್ನು ನೋಡಿ ನಿಂತಳು. ಕಾಗವಾಡದವಳು, ಕನ್ನಡ ಬಲ್ಲವಳು. ಸೋನಾಲಿ ಡಾಕ್ಟರ ಮಾತು ಹೇಳಿದಳು.

“ಅಯ್ಯ ತಂಗಿ! ಹಂಗಲ್ಲದು. ಜೀಂವಾ ಅತ್ತಿತ್ತ ತೂಗಾಡಾಕತ್ತೈತಿ ಅಂತ ಅದರ ಅರ್ಥ. ಉಳೀಬಹುದು, ಹೋಗಬಹುದು. ಈಗ ಏನೂ ಹೇಳಾಕ ಬರೂದಿಲ್ಲ.”

ಸೋನಾಲಿ ಕಾಕಾನಿಗೆ ಮತ್ತೆ ಮತ್ತೆ ಫೋನು ಮಾಡಿದಳು. ಅವನು ಎತ್ತಲೇ ಇಲ್ಲ. ಕಾಕಾ ಎಲ್ಲರನ್ನೂ ಕರೆತಂದ ಕ್ರೂಸರ್ ಗಾಡಿ ಗೇಟಿಗೆ ಬಂದು ನಿಂತಾಗ ಸೋದರತ್ತೆಯರು “ಯಣ್ಣಾ” ಎಂದು ಎದೆ ಬಡಿದುಕೊಳ್ಳುತ್ತಲೇ ಇಳಿದರು. ಅವಳು ಓಡಿಹೋಗಿ ಕೈಮುಗಿದಳು.

“ಅಳಬ್ಯಾಡ್ರಿ, ಅಪ್ಪ ಅದಾನ! ನನಗ ತಿಳೀಲಿಲ್ಲ…”

ಅತ್ತೆಯರು ಅಳು ನಿಲ್ಲಿಸಿದರು. ಯಾರೂ ಅವಳನ್ನು ಬಯ್ಯಲಿಲ್ಲ. ಎಲ್ಲರೂ ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಹೋಗಿ ಕೂತರು. ಅವಳು ಯಾರ ಮುಖವನ್ನೂ ನೋಡಲಾರದೆ ಬಾಗಿಲ ಕಡೆ ಕಣ್ಣಿಟ್ಟು ನಿಂತಳು.

ಹೊತ್ತು ಇಳಿಯುವಾಗ ಡಾಕ್ಟರು ಹೊರಬಂದರು. “ಹಿ ಹ್ಯಾಸ್ ಟರ್ನ್ಡ್ ದ ಕಾರ್ನರ್,” ಅಂದರು. ಎಲ್ಲರ ಕಣ್ಣೂ ಅವಳ ಮೇಲೆ ಬಿದ್ದವು. ಕಾರ್ನರ್ ಅಂದರೆ ಮೂಲೆ. ಅಪ್ಪ ಮೂಲೆಗೆ ತಿರುಗಿದನೆ? ಮುಖ ತಿರುಗಿಸಿಬಿಟ್ಟನೆ? ಅವ್ವ “ಏನಂತ?” ಎಂದಳು. ಸೋನಾಲಿ ತೃಪ್ತಿಯ ಹತ್ತಿರ ಓಡಿ ಡಾಕ್ಟರು ಅಂದದ್ದನ್ನು ಹೇಳಿದಳು.

“ಗಂಡಾಂತರ ದಾಟಿದ್ರು ಅಂತ,” ತೃಪ್ತಿ ಅವಳ ಕೆನ್ನೆ ತಟ್ಟಿದಳು. “ಹೋಗು, ನಿಮ್ಮವ್ವಗ ಹೇಳು.”

ಆಗ ಅತ್ತೆಯರು ಮನಸಾರೆ ಅತ್ತರು. ಸಕ್ಕುಬಾಯಿಯೂ ಅತ್ತಳು.

ಕಾಕಾ ಮಾತ್ರ ಕಾಣಲಿಲ್ಲ. ಸೋನಾಲಿ ಹುಡುಕಿಕೊಂಡು ಹೋದಾಗ ಅವನು ಗಾಡಿಯ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ.

“ಕಾಕಾ, ಅಪ್ಪ ಉಳದಾನ.”

ಬೀರದೇವ ತಲೆಯಾಡಿಸಿದ. ಅವನ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. ಪೇಪರು ಹರಿದಲ್ಲಿ ಹೊಸ ಬಿಳಿ ಬಟ್ಟೆ ಇಣುಕುತ್ತಿತ್ತು. ಅವಳು ಅದನ್ನು ನೋಡಿದ್ದನ್ನು ಅವನೂ ನೋಡಿದ.

“ಮುಂಜಾನಿಂದ ಏನರ ತಿಂದಿಯೇನವಾ?” ಎಂದು ಕೇಳುತ್ತ ಹೆಗಲ ಮೇಲಿನ ಕಂಬಳಿ ತೆಗೆದು ಗಂಟಿನ ಮೇಲೆ ಹರವಿದ.