ಮೂರನೆಯ ಎಲೆಯ ಅಂಚು

ಬೀಚ್ ಮರದ ಹಸಿ ಹುಡಿಯ ವಾಸನೆ ಬರುತ್ತಿದೆ, ಆದರೆ ಕೊಡತಿಯ ಸದ್ದಿಲ್ಲ, ಏಟು ಬೀಳದೆ ಹುಡಿ ಹಾರುತ್ತಿದೆ — ಬೆರಳಷ್ಟು ದಪ್ಪದ ಉಳಿಯೊಂದು ಗಿರ್ರನೆ ತಿರುಗುತ್ತ ಹಲಗೆಗೆ ಇಳಿಯುತ್ತದೆ, ಏಳುತ್ತದೆ, ಹಿಡಿದವರಿಲ್ಲ, ಗುಲಾಬಿಯೊಂದು ಮೇಲೇಳುತ್ತಿದೆ, ಮರದೊಳಗೆ ಮಲಗಿದ್ದದ್ದು ಎಚ್ಚರಾದ ಹಾಗೆ, ಈಜಿಪ್ಟಿನ ದುಮ್ಯಾತ್‌ನಲ್ಲಿ ಹುಟ್ಟಿ ಉಳಿ ಹಿಡಿದೇ ಮೀಸೆ ನರೆತ ವಗ್ದಿಗೆ ಹೊಟ್ಟೆ ಉರಿಯಬೇಕಿತ್ತು, ಉರಿಯುತ್ತಿಲ್ಲ, ಮೈ ಜುಮ್ಮೆನ್ನುತ್ತಿದೆ, ಪಕ್ಕದಲ್ಲಿ ಎಂಜಿನಿಯರ್ ರಿಹಾಬ್ ಯಂತ್ರದ ಪರದೆ ನೋಡುತ್ತ ಕಲ್ಲಂಗಡಿ ಬೀಜ ಸುಲಿಯುತ್ತಾಳೆ, ಕೆತ್ತುವಾಗ ಬೀಜ ತಿನ್ನುವುದೆ, ಗಾಬೆರ್ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ, ಇದೇ ಬೆಂಚಿನ ಆ ಬದಿ ಕೂರುತ್ತಿದ್ದ ಗಾಬೆರ್, ಅವನು ಕೊನೆಯದಾಗಿ ಕೆತ್ತಿದ ಮಂಚದ ತಲೆಹಲಗೆ ಅವನು ಸತ್ತ ಮೇಲೆ ಗೋಡೆಗೇರಿತು, ಹೋದ ವಾರ ರಿಹಾಬ್ ಅದನ್ನು ಇಳಿಸಿ, ಮೇಲೆ ಬೆಳಕು ಹರಿಸಿ, ಗೆರೆಗೆರೆಯನ್ನೂ ಕಂಪ್ಯೂಟರಿನೊಳಗೆ ತುಂಬಿಕೊಂಡಳು, ಧೂಳೂ ಹೋಯ್ತೇನಮ್ಮ ಒಳಗೆ ಎಂದು ವಗ್ದಿ ಕೇಳಿದ್ದ, ಅವಳು ನಕ್ಕಿರಲಿಲ್ಲ, ಈಗ ಯಂತ್ರ ಕೆತ್ತುತ್ತಿರುವುದು ಆ ತಲೆಹಲಗೆಯ ನಕಲನ್ನೇ.

ಉಳಿ ನಿಂತಿತು, ಮಾಲೀಕ ಶುಕ್ರಿ ಚಹಾ ಲೋಟ ಕೆಳಗಿಟ್ಟ, ಏನಪ್ಪ ಉಸ್ತಾ, ದೊಡ್ಡ ಮೇಸ್ತ್ರಿ, ನಿನ್ ಹೆಬ್ಬೆರಳು ಏನನ್ನುತ್ತೆ — ಈ ಅಂಗಡಿಯಲ್ಲಿ ಕಣ್ಣು ಮುಚ್ಚಿದ ವಗ್ದಿಯ ಹೆಬ್ಬೆರಳು ಹಾಯದೆ ಯಾವ ಹಲಗೆಯೂ ಪಾಲಿಶಿಗೆ ಹೋಗುವುದಿಲ್ಲ, ಇಂದು ಆ ಬೆರಳು ಯಂತ್ರದ ತಪ್ಪು ಹಿಡಿದರೆ ಯಂತ್ರ ವಾಪಸು ಮಾರಿದವನ ಲಾರಿ ಹತ್ತುತ್ತದೆ, ಹಿಡಿಯದಿದ್ದರೆ ವಗ್ದಿಯ ಬೆಂಚಿದ್ದ ಜಾಗದಲ್ಲಿ ಇನ್ನೊಂದು ಯಂತ್ರ, ಶುಕ್ರಿ ಮುಚ್ಚುಮರೆ ಮಾಡಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ, ವಗ್ದಿ ಕಣ್ಣು ಮುಚ್ಚಿದ, ಬೆರಳು ಗುಲಾಬಿ ದಾಟಿತು, ಮೊದಲ ಎಲೆ ನುಣುಪು, ಎರಡನೆಯದು ನುಣುಪು, ಮೂರನೆಯದರ ಅಂಚಿನಲ್ಲಿ ಬೆರಳು ನಿಂತಿತು, ಅಲೆ, ಒಂದರ ಬೆನ್ನಿಗೊಂದು ಸಣ್ಣ ಅಲೆ, ರಿಹಾಬ್ ಬಗ್ಗಿ ನೋಡಿ ಬೀಜದ ಸಿಪ್ಪೆ ಉಗಿದಳು, ಉಳಿ ಅದುರಿರ್ಬೇಕು ಅಂದಳು, ಅವಳ ಮುಖ ಬಿಳಿಚಿತ್ತು, ಶುಕ್ರಿ ಲೊಚಗುಟ್ಟಿದ, ಇಷ್ಟು ದೊಡ್ಡ ಡಬ್ಬಾ, ಒಂದು ಎಲೆ ನೆಟ್ಟಗೆ ಕೆತ್ತಕ್ಕಾಗಲ್ವಾ, ಹೇಳು ಉಸ್ತಾ, ಯಂತ್ರದ್ದೇ ತಪ್ಪು ತಾನೇ.

ಹೂಂ ಅಂದರೆ ಸಾಕು, ಬೆಂಚು ಉಳಿಯಿತು, ಆದರೆ ಈ ಅಲೆ ಬೆರಳಿಗೆ ಗೊತ್ತು, ಆ ತಲೆಹಲಗೆ ಕೆತ್ತಿದ ಚಳಿಗಾಲ ಗಾಬೆರ್‌ನ ಕೈ ನಡುಗುತ್ತಿತ್ತು, ಚಹಾ ತುಳುಕಿದರೆ ಲೋಟಕ್ಕೆ ಬೈಯುತ್ತಿದ್ದ, ಇದೇ ಎಲೆಯ ಮೇಲೆ ಇದೇ ಬೆರಳು ನಿಂತಾಗ ಕೈಯನ್ನು ಜೇಬಿಗೆ ತುರುಕಿ ಅಂದಿದ್ದ, ಬಿಡೋ ಮಾರಾಯ, ಗಾಳಿಗೆ ಎಲೆ ಅಲ್ಲಾಡಲ್ವಾ — ಈ ಯಂತ್ರಕ್ಕೆ ಕೈಯಿಲ್ಲ, ನರವಿಲ್ಲ, ಕಾಯಿಲೆಯಿಲ್ಲ, ಆದರೂ ಗಾಬೆರ್ ಅದುರಿದಲ್ಲೇ ಅದುರಿದೆ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ, ಮಣ್ಣಿಗೆ ಹೋದ ಕೈ ಬೆರಳ ಕೆಳಗೆ ಇನ್ನೂ ಬೆಚ್ಚಗಿದೆ, ಉಳಿಯ ಬಿಸಿಯಷ್ಟೇ ಅದು, ಗೊತ್ತು, ಆದರೂ.

ಯಂತ್ರದ್ದಲ್ಲ, ಅಂದ ವಗ್ದಿ, ಗಾಬೆರ್‌ದು. ಯಂತ್ರ ಸರಿಯಾಗೇ ಕೆತ್ತಿದೆ.

ಶುಕ್ರಿ ಬೆಂಚಿನ ಕಡೆ ನೋಡಿದ, ರಿಹಾಬ್ ಮೆಲ್ಲಗೆ ಕೇಳಿದಳು, ಕಂಪ್ಯೂಟರಲ್ಲಿ ಆ ಅಲೆ ಅಳಿಸಿಬಿಡ್ಲಾ ಉಸ್ತಾ, ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ, ವಗ್ದಿ ಅಂದ, ಇರು ತಾಯಿ, ಮೊದಲು ಇನ್ನೊಂದು ಕೆತ್ತು, ನೋಡೋಣ, ಅವಳು ಹೊಸ ಹಲಗೆ ಕೂರಿಸಿದಳು, ಉಳಿ ಇಳಿಯಿತು, ಗುಲಾಬಿ, ಮೊದಲ ಎಲೆ, ಎರಡನೆಯದು, ವಗ್ದಿ ಹಲಗೆಯತ್ತ ಬಾಗಿದ, ಮೂರನೆಯದರ ಅಂಚಿಗೆ ಬಂದು ಉಳಿ ನಡುಗಿತು