ಕಂಪಾಸಣ್ಣನ ಬಾಣಗಳು

"ಲೋಹದ್ದೇನೂ ಇರಬಾರದಮ್ಮ, ಚಿತಾಗಾರದ ಒಲೆಗೆ ಬಿಡೋದಿಲ್ಲ," ಎಂದು ಶವವಾಹನದ ಚಾಲಕ ಹೇಳುತ್ತಿದ್ದಂತೆ, ಸತ್ತವರ ಭಾವಮೈದುನ ಅವರ ಅಂಗಿಯ ಜೇಬಿಗೆ ಎರಡು ಬೆರಳು ಇಳಿಬಿಟ್ಟು ಹಿತ್ತಾಳೆಯ ಪುಟ್ಟ ದಿಕ್ಸೂಚಿಯನ್ನು ಹೊರಗೆಳೆದ. ಅದರ ದಾರ ಗುಂಡಿಗೆ ಸಿಕ್ಕಿಕೊಂಡಿತು.

"ಕೊಡಿ, ನಾನು ಬಿಡಿಸ್ತೀನಿ," ಎಂದು, ಅವರ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ ಮುಂದೆ ಬಂದಳು. ಬಂದ ಮೇಲೆ, ಬರಬಾರದಿತ್ತು ಎನಿಸಿತು. ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಬೇಕಾದೀತೆಂದೇ ಬೆಳಗಿನಿಂದ ಕುರ್ಚಿ ಜೋಡಿಸುವ ನೆಪ ಹೂಡಿ ಹೊರಗಿದ್ದಳು.

"ನಮ್ಮ ಭಾವ ಮನೆ ಬೀಗ ಹಾಕಿದ್ರೆ ಮೂರು ಸಲ ಎಳೆದು ನೋಡೋರು. ನಾಲ್ಕನೇ ಸಲ ನನ್ನ ಕೈಲಿ ಎಳೆಸೋರು," ಎಂದ ಭಾವಮೈದುನ. "ಅಂಥ ಮನುಷ್ಯ ಮರೆತ ಅಂದ್ರೆ ಲ್ಯಾಬಿನವರು ಹೆಂಗೆ ನಂಬಿದ್ರೋ."

"ಸುಮ್ನಿರೋ. ಇವತ್ತು ಬೇಡ," ಎಂದಳು ಅವನ ಅಕ್ಕ, ಸತ್ತವರ ಹೆಂಡತಿ.

ಬಾಗಿಲ ಬಳಿ ನಿಂತಿದ್ದ ಲ್ಯಾಬಿನ ಪ್ರೊಫೆಸರ್ ತಲೆ ತಗ್ಗಿಸಿದರು. ದಾರ ಬಿಡಿಸುತ್ತಿದ್ದವಳು ಅತ್ತ ನೋಡಲಿಲ್ಲ. ಮುಂದಿನ ವಾರ ಅದೇ ಪ್ರೊಫೆಸರರ ಮುಂದೆ ಅವಳ ಡಾಕ್ಟರೇಟಿನ ಪರೀಕ್ಷೆ.

*

ತೀರಿಕೊಂಡವರು ಲ್ಯಾಬಿನಲ್ಲಿ ಎಲ್ಲರಿಗೂ ಕಂಪಾಸಣ್ಣ. ಹೈಡ್ರೋಜನ್ನಿನ ಪ್ರೋಟಾನುಗಳ ಮೇಲೆ ಒಂದು ದಿನ ಎಲೆಕ್ಟ್ರಾನುಗಳನ್ನು, ಮರುದಿನ ಅವುಗಳ ವಿರುದ್ಧ ವಿದ್ಯುದಂಶದ ಪಾಸಿಟ್ರಾನುಗಳನ್ನು ಹಾಯಿಸಿ, ಚದುರಿದವನ್ನು ಎಣಿಸುವ ಪ್ರಯೋಗ. ತಮ್ಮ ಪಾಳಿಯ ಪ್ರತಿ ಬದಲಾವಣೆಗೂ ದೊಡ್ಡ ಅಯಸ್ಕಾಂತಗಳ ದಿಕ್ಕನ್ನು ತಿರುಗಿಸುವುದು ಅವರ ಕೆಲಸ.

"ಡಿಕ್ಕಿ ಹೊಡೆಯೋವಾಗ ಇಬ್ಬರ ನಡುವೆ ಒಂದೇ ಫೋಟಾನ್, ಅಂದ್ರೆ ಬೆಳಕಿನ ಕಣ, ಕೈ ಬದಲಾದ್ರೆ ಎರಡೂ ದಿನದ ಲೆಕ್ಕ ಸಮ ಬರುತ್ತೆ, ತಂಗಿ," ಎಂದಿದ್ದರು, ಅವಳು ಸೇರಿದ ಹೊಸತರಲ್ಲಿ. "ಗುಟ್ಟಾಗಿ ಎರಡು ಬದಲಾದ್ರೆ ನೂರಕ್ಕೆ ಒಂದರಷ್ಟು ಹೆಚ್ಚುಕಮ್ಮಿ. ನಿಮ್ಮ ಸರ್ ಹುಡುಕ್ತಿರೋದು ಆ ಒಂದನ್ನ. ನಾನು ತಿರುಗಿಸೋದು ಮರೆತೆ ಅನ್ನು, ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಹಳೆಯ ಯಂತ್ರ, ದಿಕ್ಕು ತಾನಾಗಿ ದಾಖಲಾಗುತ್ತಿರಲಿಲ್ಲ. ಅವರು ದಿಕ್ಸೂಚಿ ಹಿಡಿದು, ಮುಳ್ಳು ತಿರುಗಿದ್ದನ್ನು ಕಣ್ಣಾರೆ ಕಂಡ ಮೇಲೆ ಫೋನು ಮಾಡುತ್ತಿದ್ದರು. ಅವಳು ದಾಖಲೆ ಪುಸ್ತಕದಲ್ಲಿ ಆ ದಿಕ್ಕಿನ ಚಿಹ್ನೆ, ಪ್ಲಸ್ಸೋ ಮೈನಸ್ಸೋ, ಬರೆಯುತ್ತಿದ್ದಳು.

ಆ ಮಧ್ಯಾಹ್ನ ಊಟದ ಮಂಪರಿನಲ್ಲಿ, ಫೋನು ಬರುವ ಮೊದಲೇ ಹಿಂದಿನ ದಿನದ ಚಿಹ್ನೆಯನ್ನೇ ಇಳಿಸಿಕೊಂಡಿದ್ದಳು.

"ತಿರುಗಿದೆ ತಂಗಿ. ಬರ್ಕೊಂಡ್ಯಾ?"

"ಬರ್ಕೊಂಡೆ ಅಣ್ಣ."

ಪುಟದತ್ತ ಕಣ್ಣು ಹಾಯಿಸಲಿಲ್ಲ.

ಎರಡು ತಿಂಗಳ ಮೇಲೆ ಪ್ರೊಫೆಸರ್, ಸಾಲಾಗಿ ಎರಡು ದಿನ ಒಂದೇ ಚಿಹ್ನೆಯಿದ್ದ ಆ ಪುಟವನ್ನು ಮುಂದೆ ಹಿಡಿದಾಗ, "ಅವರು ಹೇಳಿದ್ದನ್ನೇ ಬರೆದೆ ಸರ್," ಎಂಬ ಮಾತು ಬಾಯಿಂದ ಜಾರಿತು. ಕಂಪಾಸಣ್ಣನನ್ನು ಕರೆಸಿದರು. ಅವರು ಪುಟ ನೋಡಿದರು, ಅವಳನ್ನು ನೋಡಿದರು.

"ವಯಸ್ಸಾಯ್ತು ಸರ್. ಮರೆತಿದ್ದೆನೋ ಏನೋ."

ಒಂದು ತಪ್ಪಿದ ಮೇಲೆ ಉಳಿದವನ್ನು ನಂಬುವುದು ಹೇಗೆ? ಅವರ ಪಾಳಿಗಳನ್ನೆಲ್ಲ, ಎಂದರೆ ಪ್ರಯೋಗದ ಮೂರರಲ್ಲೊಂದು ಪಾಲನ್ನು, ಬದಿಗಿಟ್ಟರು. ಹುಡುಕುತ್ತಿದ್ದ ಆ ನೂರಕ್ಕೊಂದು ಕೈಗೆ ಸಿಗಲಿಲ್ಲ. ಕಂಪಾಸಣ್ಣ ಅವಧಿಗೆ ಮುಂಚೆಯೇ ಕೆಲಸ ಬಿಟ್ಟರು. ಬೀಳ್ಕೊಡುವ ದಿನ ಅವಳು ಜ್ವರವೆಂದು ರಜೆ ಹಾಕಿದ್ದಳು.

*

ದಾರ ಬಿಡಿಸಿಕೊಂಡಿತು. ದಿಕ್ಸೂಚಿ ಅಂಗೈಯಲ್ಲಿ ತಣ್ಣಗಿತ್ತು.

"ಇದೂ ನಿನಗೇನೇ," ಎಂದು ಅವರ ಹೆಂಡತಿ ಬೆರಳುದ್ದದ ಪುಸ್ತಕವೊಂದನ್ನು ಚಾಚಿದಳು. "ಬರೀ ಬಾಣದ ಗುರುತು, ನನಗೇನು ತಿಳೀಬೇಕು. ಮೊನ್ನೆ ಆಸ್ಪತ್ರೇಲಿ, ತಂಗಿ ಬಂದ್ರೆ ಕೊಡು ಅಂದ್ರು. ಬರದಿದ್ರೆ? ಅಂದೆ. ನನ್ನ ಜೊತೆ ಸುಟ್ಟುಬಿಡು ಅಂದ್ರು."

"ಬೇರೇನಾದ್ರೂ ಹೇಳಿದ್ರಾ ಅತ್ತಿಗೆ?"

"ಊಟ ಸರಿಯಾಗಿ ಮಾಡು ಅಂದ್ರು. ನಿನಗಲ್ಲ, ನನಗೆ."

ಪುಟಕ್ಕೊಂದು ತಾರೀಖು, ತಾರೀಖಿಗೊಂದು ಬಾಣ. ಆ ದಿನದ ಪುಟ ಹುಡುಕಬೇಕಾಗಲಿಲ್ಲ, ಬೆರಳೇ ಅಲ್ಲಿ ನಿಂತಿತು. ಹಿಂದಿನ ದಿನದ ಬಾಣ ಬಲಕ್ಕೆ, ಇದು ಎಡಕ್ಕೆ. ಕೆಳಗೆ ದುಂಡು ಅಕ್ಷರ: ತಂಗಿಗೆ ಹೇಳಿದೆ.

ಹೆಗಲಿನ ಚೀಲದ ಬಾಯಿ ತೆರೆದೇ ಇತ್ತು. ಒಳಗೆ ಸರಿಸಿದರೆ ಕೇಳುವವರಿಲ್ಲ. ಬಾಗಿಲ ಬಳಿಯಿಂದ ಪ್ರೊಫೆಸರ್ ಇತ್ತಲೇ ಬರುತ್ತಿದ್ದರು.

"ಹೊರಡೋ ಮುಂಚೆ ಅವರ ಬಗ್ಗೆ ಎರಡು ಮಾತಾಡ್ಬೇಕು ನಾನು," ಎಂದರು ಅವರು, ದನಿ ತಗ್ಗಿಸಿ. "ಮೂವತ್ತು ವರ್ಷದಲ್ಲಿ ಆ ಒಂದು ತಪ್ಪು ಬಿಟ್ರೆ... ಅಂತ ಶುರು ಮಾಡ್ಲಾ? ಅವರ ಮನೆಯವರಿಗೆ ನೋವಾಗುತ್ತಾ?"

"ಹಾಗನ್ಬೇಡಿ ಸರ್."

ಪುಟ ಮುಚ್ಚದೆ ಪುಸ್ತಕವನ್ನು ಅವರ ಕೈಗಿಟ್ಟಳು. "ಇದು ಅವರು ಬರೆದದ್ದು. ದಾಖಲೆ ಪುಸ್ತಕದಲ್ಲಿ ತಪ್ಪು ಬರೆದದ್ದು ನಾನು. ಅವರಿಗೆ ಗೊತ್ತಿತ್ತು."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಪುಟ ಹಿಂದಕ್ಕೆ ಹೋದರು, ಇನ್ನೊಂದು ಪುಟ. ಬಾಣಗಳ ಮೇಲೆ ಅವರ ಬೆರಳು ನಿಧಾನವಾಗಿ ಸರಿಯುತ್ತಿತ್ತು. ಭಾವಮೈದುನ ಅವಳನ್ನೇ ದಿಟ್ಟಿಸಿದ. ಅತ್ತಿಗೆ ಗಂಡನ ಅಂಗಿಯ ಜೇಬನ್ನು ಸವರಿ ಸರಿಪಡಿಸಿದಳು.

ಶವವನ್ನು ಎತ್ತಿದರು.

ಅವಳು ಹಿಂದೆಯೇ ಬಂದು ಅಂಗಳದಲ್ಲಿ ಉಳಿದಳು. ಅಂಗೈಯಲ್ಲಿ ದಿಕ್ಸೂಚಿ ಹಾಗೇ ಇತ್ತು. ಪಕ್ಕದಲ್ಲೇ ವಾಹನ ಕದಲಿದಾಗ ಮುಳ್ಳು ಅದರ ಕಬ್ಬಿಣದತ್ತ ವಾಲಿತು, ಗೇಟಿನ ಕಡೆಗೆ ಒಂದಷ್ಟು ದೂರ ಹಿಂಬಾಲಿಸಿತು, ಆಮೇಲೆ ನಡುಗುತ್ತ ನಡುಗುತ್ತ ತನ್ನ ದಿಕ್ಕಿಗೆ ಮರಳಿತು.